ಸಹಾಯ ಬೇಕು: ಅಪ್ಪನ ಬೆರಳಚ್ಚು, ಫ್ರಾಂಕ್‌ಫರ್ಟ್ ಇಮಿಗ್ರೇಷನ್

ಮುಂಬೈ ಕನ್ನಡಿಗರಿಗೆ ನಮಸ್ಕಾರ. ಅಪ್ಪ ಮುಂದಿನ ತಿಂಗಳು ಒಬ್ಬರೇ ಜರ್ಮನಿಗೆ, ತಂಗಿಯ ಮನೆಗೆ ಹೊರಟಿದ್ದಾರೆ. ಮಾಟುಂಗಾದ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆಯೇ ಆಯುಷ್ಯ ಕಳೆದವರು. ಬೆರಳ ತುದಿಯಲ್ಲಿ ಗೆರೆಗಳೇ ಸವೆದು ಹೋಗಿವೆ. ರೇಷನ್ ಅಂಗಡಿಯ ಮಷಿನ್ನೂ ಒಪ್ಪುವುದಿಲ್ಲ! ವೀಸಾಕ್ಕೆ ಮಾತ್ರ ಒರೆಸಿ ಒರೆಸಿ ಹೇಗೋ ಹತ್ತೂ ಬೆರಳು ಕೊಟ್ಟರು.

ಯುರೋಪಿನಲ್ಲಿ 2025ರ ಅಕ್ಟೋಬರ್ 12ರಿಂದ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಮ್, ಹೊರದೇಶದವರು ಬಂದು ಹೋಗುವುದನ್ನು ಗಡಿಯಲ್ಲಿ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ) ಶುರುವಾಗಿದೆ. ಪಾಸ್‌ಪೋರ್ಟಿಗೆ ಸೀಲು ಹೊಡೆಯುವ ಬದಲು ಮುಖದ ಫೋಟೊ, ಬೆರಳಚ್ಚು. ವೀಸಾ ಇದ್ದವರ ಬೆರಳಚ್ಚು ಮೊದಲೇ ದಾಖಲಾಗಿರುತ್ತದೆ, ಅದರ ಜೊತೆ ತಾಳೆ ನೋಡುತ್ತಾರೆ. ಅದೇ ನನ್ನ ತಲೆನೋವು. ತಾಳೆಯಾಗದಿದ್ದರೆ ಏನು ಮಾಡುತ್ತಾರೆ? ವೀಲ್‌ಚೇರ್ ಹೇಳಿದರೆ ಸಹಾಯಕರು ಕೌಂಟರ್ ತನಕ ಬರುತ್ತಾರಾ? ಅಪ್ಪನಿಗೆ ಇಂಗ್ಲಿಷ್ ಬಾರದು. ಈಚೆಗೆ ಹಿರಿಯರನ್ನು ಕಳಿಸಿದವರು ದಯವಿಟ್ಟು ತಿಳಿಸಿ. ಸುಮ್ನೆ ಹೆದರಿಸಬೇಡಿ, ಪ್ಲೀಸ್.