ಪೆಟ್ರೋಲ್ ಬಂಕ್ ಲೀಸ್‌ಗೆ ತಗೋಬಹುದಾ? ಸಹಾಯ ಬೇಕು

ನಮಸ್ಕಾರ. ಮಾಗಡಿ ರಸ್ತೆಯಲ್ಲಿ ಪರಿಚಯದವರೊಬ್ಬರ ಬಂಕ್ ಇದೆ. ವಯಸ್ಸಾಗಿದೆ, ಮಕ್ಕಳು ಹೊರದೇಶದಲ್ಲಿ. 'ಅಡ್ವಾನ್ಸ್ ಕೊಟ್ಟು ನೀನೇ ನಡೆಸಪ್ಪ, ತಿಂಗಳಿಗಿಷ್ಟು ಅಂತ ಕೊಟ್ಟುಬಿಡು' ಅಂತಿದ್ದಾರೆ. ಡೀಲರ್‌ಶಿಪ್, ಪೆಸೊ ಲೈಸೆನ್ಸ್ (ಪೆಟ್ರೋಲ್ ಸಂಗ್ರಹಿಸಿಡಲು ಬೇಕಾದ ಸರ್ಕಾರಿ ಸುರಕ್ಷತಾ ಪರವಾನಗಿ) ಎಲ್ಲ ಈಗಿರುವ ಹೆಸರಲ್ಲೇ ಇರುತ್ತಂತೆ.

ನನ್ನ ಅಳುಕು ಅಲ್ಲೇ. ಎಣ್ಣೆ ಕಂಪನಿಯ ಒಪ್ಪಿಗೆ ಇಲ್ಲದೆ ಡೀಲರ್ ಬಂಕನ್ನು ಬೇರೆಯವರಿಗೆ ವಹಿಸುವ ಹಾಗಿಲ್ಲ. ಗೊತ್ತಾದರೆ ಡೀಲರ್‌ಶಿಪ್ಪೇ ರದ್ದಾಗಬಹುದು. ಆಗ ನನ್ನ ಅಡ್ವಾನ್ಸ್ ಗತಿ? ಛಾಪಾ ಕಾಗದದ ಕರಾರು ಕೋರ್ಟಲ್ಲಿ ನಿಲ್ಲುತ್ತಾ? 'ಪಾಲುದಾರನಾಗಿ ಸೇರಿಸಿಕೊಳ್ಳಿ, ಕಂಪನಿಗೆ ಅರ್ಜಿ ಹಾಕೋಣ' ಅಂದರೆ ಮಾತು ತೇಲಿಸುತ್ತಾರೆ. ಜಾಗವೂ ಅವರದ್ದಲ್ಲ, ಕಂಪನಿ ಬೇರೊಬ್ಬರಿಂದ ಲೀಸ್‌ಗೆ ಪಡೆದದ್ದು. ಅದರ ಅವಧಿ ಕೇಳಿದರೆ ಕಾಗದ ತೋರಿಸಲ್ಲ.

ಪಾಲುದಾರಿಕೆ ದಾರಿಯಲ್ಲಿ ಹೋದವರು ಇದ್ದರೆ ಹೇಳಿ. ಬಂಕ್ ವ್ಯವಹಾರ ಬಲ್ಲ ವಕೀಲರೂ ಬೇಕು. 'ಇವಿ ಬಂತು, ಬಂಕ್ ಯಾಕೆ' ಅನ್ನೋ ಸಲಹೆ ಮನೇಲೇ ಬೇಕಾದಷ್ಟು ಸಿಕ್ಕಿದೆ!