ನೆಲಮಾಳಿಗೆಯಲ್ಲಿ ಸಿಕ್ಕ ಹಳೆಯ ಮೇಟ್ಯಾಗ್ ರಿಂಗರ್ ವಾಷಿಂಗ್ ಮೆಷಿನ್: ಬಿಚ್ಚುವುದನ್ನು ಎಲ್ಲಿಂದ ಆರಂಭಿಸಲಿ?

ಶರಾವತಿ_ತೀರ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು; ಎಂಟು ವರ್ಷಗಳಿಂದ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ನಾವು ಕೊಂಡ ಹಳೆಯ ಮನೆಯ ನೆಲಮಾಳಿಗೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಎರಡು ಯಂತ್ರಗಳಿದ್ದವು. ಒಂದು, ಎರಕದ ಅಲ್ಯುಮಿನಿಯಂನ ಚೌಕ ತೊಟ್ಟಿಯಿರುವ ಮೇಟ್ಯಾಗ್ ರಿಂಗರ್ ವಾಷಿಂಗ್ ಮೆಷಿನ್. ಫಲಕದಲ್ಲಿ ಇ2ಎಲ್‌ಪಿ ಎಂದಿದೆ. ಇನ್ನೊಂದು 1960ರ ದಶಕದ್ದೆಂದು ತೋರುವ ವಿದ್ಯುತ್ ಡ್ರೈಯರ್. ನಮ್ಮೂರಿನಲ್ಲಿ ಡ್ರೈಯರ್ ಎಂದರೆ ಟ್ವಿನ್‌ಟಬ್ ಯಂತ್ರದ ಪಕ್ಕದ ಗುಂಡನೆಯ ತೊಟ್ಟಿ, ಬಟ್ಟೆಯನ್ನು ಗರಗರ ಸುತ್ತಿಸಿ ನೀರು ಹಿಂಡುವುದು. ಇದು ಹಾಗಲ್ಲ, ಬಿಸಿಗಾಳಿಯಲ್ಲಿ ಬಟ್ಟೆಯನ್ನು ಒಣಗಿಸುವ ಡ್ರಮ್ಮು.

ರಿಂಗರ್ ಯಂತ್ರವನ್ನು ನೋಡದವರಿಗಾಗಿ ಒಂದು ಮಾತು. ತೊಟ್ಟಿಯ ನಡುವಿನ ಕಂಬಕ್ಕೆ ತೊಡಿಸಿದ, ರೆಕ್ಕೆಗಳಿರುವ ಒಂದು ಭಾಗ ಅತ್ತಿತ್ತ ಹೊರಳುತ್ತ ಬಟ್ಟೆಯನ್ನು ಒಗೆಯುತ್ತದೆ. ಅದನ್ನು ಇಲ್ಲಿ ಜೈರಟೇಟರ್ ಎನ್ನುತ್ತಾರೆ. ಒಗೆದಾದ ಮೇಲೆ ತೊಟ್ಟಿಯ ಮೇಲಿರುವ ಎರಡು ರಬ್ಬರ್ ಉರುಳೆಗಳ ನಡುವೆ ಬಟ್ಟೆಯನ್ನು ತೂರಿಸಬೇಕು. ಕಬ್ಬಿನ ಗಾಣದಲ್ಲಿ ಜಲ್ಲೆ ಹೋಗುವ ಹಾಗೆ ಬಟ್ಟೆ ಒಳಗೆ ಹೋಗಿ, ನೀರು ತೊಟ್ಟಿಗೆ ಇಳಿದು, ಹಪ್ಪಳದಂತೆ ಚಪ್ಪಟೆಯಾಗಿ ಆಚೆ ಬರುತ್ತದೆ.

ಈಗ ತೊಂದರೆಗಳನ್ನು ಹೇಳುತ್ತೇನೆ. ಜೈರಟೇಟರ್ ತನ್ನ ಕಂಬಕ್ಕೆ ಕಚ್ಚಿಕೊಂಡಿದೆ, ಎಷ್ಟು ಎತ್ತಿದರೂ ಮೇಲೆ ಬರುತ್ತಿಲ್ಲ. ಉರುಳೆಗಳ ರಬ್ಬರ್ ಕಲ್ಲಿನಂತಾಗಿದ್ದು, ಒಂದರ ಮೇಲೆ ಉದ್ದಕ್ಕೂ ಚಪ್ಪಟೆಯ ಪಟ್ಟೆಯಿದೆ. ಯಂತ್ರದ ಅಡಿಯಲ್ಲಿ ನೆಲದ ಮೇಲೆ ಅಂಗೈಯಗಲದ ಎಣ್ಣೆ ಕಲೆಯಿದೆ. ವಿದ್ಯುತ್ ತಂತಿಯ ಹೊದಿಕೆ ಮುಟ್ಟಿದರೆ ಉದುರುತ್ತದೆ, ಪ್ಲಗ್ಗಿಗೆ ಎರಡೇ ಕಡ್ಡಿ. ಹೀಗಾಗಿ ಇನ್ನೂ ವಿದ್ಯುತ್ ಕೊಟ್ಟಿಲ್ಲ. ಬೆಲ್ಟ್ ತೆಗೆದು ಕೈಯಿಂದ ತಿರುಗಿಸಿದರೆ ಮೋಟಾರು ಸಲೀಸಾಗಿ ತಿರುಗುತ್ತದೆ.

ನನಗೆ ಇದು ಹಜಾರದಲ್ಲಿ ಇಡುವ ಪ್ರದರ್ಶನದ ವಸ್ತುವಾಗುವುದು ಬೇಡ; ಇದರಲ್ಲಿ ಬಟ್ಟೆ ಒಗೆಯಬೇಕು ಎಂಬ ಆಸೆಯಿದೆ. ಗೇರ್ ಪೆಟ್ಟಿಗೆಯನ್ನು ಮೊದಲೇ ಬಿಚ್ಚಬೇಕೇ? ಬಣ್ಣ ಹೊಡೆಸಬೇಕೇ? ಡ್ರೈಯರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ? ಮುಂದೊಂದು ದಿನ ಊರಿಗೆ ಮರಳುವಾಗ ಯಂತ್ರವನ್ನು ಸಾಗರಕ್ಕೆ ಕೊಂಡೊಯ್ದರೆ ಅಲ್ಲಿನ ವಿದ್ಯುತ್ತಿನಲ್ಲಿ ನಡೆಯುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನ್ಯೂಟನ್_ಪಕ್ಕದವನು ಉತ್ತರಿಸಿದ್ದಾರೆ

ನೀವು ವಿದ್ಯುತ್ ಕೊಡದೆ ಮೊದಲು ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನು ಡೆ ಮಾಯಿನ್‌ನಲ್ಲಿರುವವನು. ಹತ್ತು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಇದೇ ಬಗೆಯ ಯಂತ್ರಗಳನ್ನು ಸರಿಪಡಿಸುತ್ತ ಬಂದಿದ್ದೇನೆ. ನಿಮ್ಮ ಯಂತ್ರ ತನ್ನ ತವರಿನಲ್ಲೇ ಇದೆ ಎಂಬುದು ನಿಮಗೆ ಗೊತ್ತಿರಲಿ. ಮೇಟ್ಯಾಗ್ ಕಂಪನಿ 1893ರಲ್ಲಿ ಇದೇ ಅಯೋವಾದ ನ್ಯೂಟನ್ ಊರಿನಲ್ಲಿ ಕೃಷಿ ಉಪಕರಣಗಳ ಕಾರ್ಖಾನೆಯಾಗಿ ಹುಟ್ಟಿತು, 1907ರಲ್ಲಿ ಮೊದಲ ಒಗೆಯುವ ಯಂತ್ರವನ್ನು ಮಾಡಿತು. ಸ್ವಯಂಚಾಲಿತ ಯಂತ್ರಗಳು ಮನೆಮನೆಗೆ ಬಂದು ದಶಕಗಳಾದ ಮೇಲೂ ರಿಂಗರ್ ಯಂತ್ರಗಳ ತಯಾರಿಕೆಯನ್ನು ಅದು 1983ರವರೆಗೆ ನಿಲ್ಲಿಸಲಿಲ್ಲ. ಕಾರ್ಖಾನೆ 2007ರಲ್ಲಿ ಮುಚ್ಚಿತು. ನ್ಯೂಟನ್‌ನಲ್ಲಿರುವ ಜ್ಯಾಸ್ಪರ್ ಕೌಂಟಿಯ ವಸ್ತುಸಂಗ್ರಹಾಲಯದಲ್ಲಿ ಈ ಯಂತ್ರಗಳು ಸಾಲಾಗಿವೆ; ಬಿಚ್ಚುವುದಕ್ಕೆ ಮೊದಲು ಒಮ್ಮೆ ಹೋಗಿ, ಸುಸ್ಥಿತಿಯಲ್ಲಿರುವ ಯಂತ್ರ ಹೇಗಿರುತ್ತದೆ ಎಂದು ಕಣ್ಣಿಂದ ನೋಡಿಕೊಂಡು ಬನ್ನಿ.

ಜೈರಟೇಟರ್ ಕಚ್ಚಿಕೊಳ್ಳುವುದು ಈ ಯಂತ್ರಗಳಲ್ಲಿ ನಾನು ಅತಿ ಹೆಚ್ಚು ಕಂಡ ತೊಂದರೆ. ಹೆಚ್ಚಿನವರು ಯಂತ್ರವನ್ನು ಕೆಡಿಸುವುದೂ ಇಲ್ಲಿಯೇ. ಒಗೆದ ಮೇಲೆ ಅದನ್ನು ಕಳಚಿ ತೊಳೆದು ಒರೆಸಿಡದಿದ್ದರೆ, ಕಂಬದ ಹಲ್ಲುಗಳ ಸಂದಿಯಲ್ಲಿ ಸೋಪು ಮತ್ತು ಗಡಸು ನೀರಿನ ಸುಣ್ಣ ಸೇರಿ ಗಾರೆಯಂತೆ ಗಟ್ಟಿಯಾಗುತ್ತವೆ. ಸಲಾಕೆ ಹಾಕಿ ಮೀಟಿದರೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರೆಕ್ಕೆ ಮುರಿಯುತ್ತದೆ. ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ನೇರವಾಗಿ ಕೆಳಗಿನ ಗೇರಿಗೆ ಹೋಗುತ್ತದೆ. ಆದ್ದರಿಂದ ತೊಟ್ಟಿಗೆ ಕೈಗೆ ಸಹಿಸದಷ್ಟು ಬಿಸಿಯಾದ ನೀರನ್ನು ಜೈರಟೇಟರ್ ಪೂರ್ತಿ ಮುಳುಗುವವರೆಗೆ ತುಂಬಿ ಒಂದು ಗಂಟೆ ಬಿಡಿ. ಬೇಕಲೈಟ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ನೀರನ್ನು ಹೊರಬಿಟ್ಟ ತಕ್ಷಣ, ಎರಡು ಅಗಲವಾದ ಹತ್ತಿ ಪಟ್ಟಿಗಳನ್ನು ರೆಕ್ಕೆಗಳ ಅಂಚಿನಡಿ ಎದುರುಬದುರಾಗಿ ಹಾಯಿಸಿ, ಇಬ್ಬರು ನಿಂತು ಒಂದೇ ಸಮನಾಗಿ ನೇರ ಮೇಲಕ್ಕೆ ಎಳೆಯಿರಿ. ಅಂದೇ ಬಾರದಿದ್ದರೆ ಮರುದಿನ ಮತ್ತೆ ಮಾಡಿ. ನನ್ನ ಮೊದಲ ಯಂತ್ರ ಹನ್ನೊಂದು ದಿನ ತೆಗೆದುಕೊಂಡಿತು. ಹೊರಬಂದ ಮೇಲೆ ಕಂಬವನ್ನು ಚೊಕ್ಕಟ ಮಾಡಿ, ವ್ಯಾಸಲಿನ್‌ನ ತೆಳುವಾದ ಲೇಪ ಕೊಡಿ.

ಗೇರ್ ಪೆಟ್ಟಿಗೆಯನ್ನು ಈಗಲೇ ಬಿಚ್ಚಬೇಡಿ. ಅದು ಈ ಯಂತ್ರದ ಅತ್ಯಂತ ಗಟ್ಟಿಯಾದ ಭಾಗ. ಕೆಳಗೆ ಒಂದು ಬಿಳಿ ಕಾಗದ ಹಾಸಿ, ಎರಡು ದಿನ ಬಿಟ್ಟು, ಬಿದ್ದ ಹನಿಯ ಬಣ್ಣವನ್ನು ನೋಡಿ. ಜೇನಿನ ಬಣ್ಣವೋ ಕಪ್ಪೋ ಇದ್ದರೆ ಬರೀ ಸೀಲು ಒಸರುತ್ತಿದೆ ಎಂದರ್ಥ, ಅದು ಆತುರದ ಕೆಲಸವಲ್ಲ. ಮಜ್ಜಿಗೆಯಂತೆ ಬೆಳ್ಳಗೆ ಕದಡಿದ್ದರೆ ಮೇಲಿನಿಂದ ನೀರು ಇಳಿದಿದೆ. ಆಗ ಮಾತ್ರ ಬಿಚ್ಚಿ, ತೊಳೆದು, ಸೀಲು ಬದಲಿಸಬೇಕಾಗುತ್ತದೆ.

ಉರುಳೆಯ ಚಪ್ಪಟೆ ಪಟ್ಟೆಗೆ ಕಾರಣ, ಯಾರೋ ಒತ್ತಡವನ್ನು ಸಡಿಲಿಸದೆ ದಶಕಗಳ ಕಾಲ ಹಾಗೆಯೇ ಬಿಟ್ಟದ್ದು. ಕಲ್ಲಾದ ರಬ್ಬರ್ ಮತ್ತೆ ಮೆತ್ತಗಾಗುವುದಿಲ್ಲ. ಮರಳು ಕಾಗದದಿಂದ ಉಜ್ಜಿದರೆ ಕೆಲವು ತಿಂಗಳು ಹಿಡಿತ ಬರುತ್ತದೆ, ಅಷ್ಟೇ. ಒಳ್ಳೆಯ ಸಂಗತಿಯೆಂದರೆ, ನಿಮಗೆ ಹತ್ತಿರದ ಕಲೋನಾದಲ್ಲೂ ಬೇರೆಡೆಗಳಲ್ಲೂ ಇರುವ, ಆಧುನಿಕ ಸೌಕರ್ಯಗಳಿಂದ ದೂರವಿರುವ ಕ್ರೈಸ್ತ ಪಂಗಡವಾದ ಆಮಿಶ್ ಜನ ಇಂದಿಗೂ ರಿಂಗರ್ ಯಂತ್ರಗಳಲ್ಲೇ ಒಗೆಯುತ್ತಾರೆ. ಮನೆಗೆ ವಿದ್ಯುತ್ ಸಂಪರ್ಕ ತೆಗೆದುಕೊಳ್ಳದ ಅವರು ಸಣ್ಣ ಪೆಟ್ರೋಲ್ ಎಂಜಿನ್ನಿನಿಂದಲೋ ಒತ್ತಡದ ಗಾಳಿಯಿಂದಲೋ ಅವನ್ನು ನಡೆಸುತ್ತಾರೆ. ಅವರಿಂದಾಗಿಯೇ ಉರುಳೆ, ಸೀಲು, ಬೆಲ್ಟುಗಳು ಈಗಲೂ ಸಿಗುತ್ತಿವೆ.

ಉರುಳೆಗಳ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅವುಗಳ ಮೇಲಿರುವ ಬಿಡುಗಡೆಯ ಪಟ್ಟಿಯನ್ನು ಒತ್ತಿದ ಕೂಡಲೇ ಉರುಳೆಗಳ ಒತ್ತಡ ಬಿಡಬೇಕು. ಈ ಯಂತ್ರಗಳ ಕಾಲದಲ್ಲಿ ಮಕ್ಕಳ ಕೈಗಳು ಎಷ್ಟು ಸಲ ಸಿಕ್ಕಿಕೊಳ್ಳುತ್ತಿದ್ದವೆಂದರೆ, ವೈದ್ಯರು ಆ ಗಾಯಕ್ಕೆ ‘ರಿಂಗರ್ ಆರ್ಮ್’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಮಡಿಸಿದ ಟವೆಲನ್ನು ತೂರಿಸಿ ಹತ್ತು ಸಲ ಪರೀಕ್ಷಿಸಿ. ಹತ್ತರಲ್ಲಿ ಒಂದು ಸಲ ತಪ್ಪಿದರೂ ಆ ಭಾಗವನ್ನು ಸರಿಪಡಿಸುವವರೆಗೆ ಯಂತ್ರವನ್ನು ನಡೆಸಬೇಡಿ.

ಕೊನೆಯದಾಗಿ, ತೊಟ್ಟಿಯನ್ನು ಕಾಸ್ಟಿಕ್ ಸೋಡಾ ಇರುವ ಯಾವುದರಿಂದಲೂ ತೊಳೆಯಬೇಡಿ, ಅದು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಬಣ್ಣವನ್ನೂ ಹೊಡೆಸಬೇಡಿ. ಹಳೆಯ ಲೇಪದ ಸವಕಳಿಯಲ್ಲಿ ಆ ಯಂತ್ರವನ್ನು ಬಳಸಿದ ಹೆಂಗಸಿನ ಕೈಗುರುತಿರುತ್ತದೆ. ನನ್ನ ಯಂತ್ರವೊಂದರಲ್ಲಿ ಗೇರ್ ಹಾಕುವ ಹಿಡಿಯ ಬಳಿ ಹೆಬ್ಬೆರಳಿನ ಅಗಲಕ್ಕೆ ಸರಿಯಾಗಿ ಬಣ್ಣ ಸವೆದಿದೆ. ಅದನ್ನು ಮುಚ್ಚಲು ನನಗೆ ಮನಸ್ಸಾಗಲಿಲ್ಲ.

ಹುಬ್ಬಳ್ಳಿ_ವೈಂಡಿಂಗ್ ಉತ್ತರಿಸಿದ್ದಾರೆ

ಯಂತ್ರದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವಂಥದ್ದು ನನ್ನಲ್ಲಿಲ್ಲ. ಮೋಟಾರಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ಮೋಟಾರುಗಳಿಗೆ ತಂತಿಯ ಸುರುಳಿ ಸುತ್ತುವುದೇ ನನ್ನ ಕಸುಬು.

ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಪ್ಲಿಟ್ ಫೇಸ್ ಮೋಟಾರು ಇರುತ್ತದೆ. ಓಡಿಸುವ ಸುರುಳಿ ಒಂದು, ಎಬ್ಬಿಸುವ ಸುರುಳಿ ಇನ್ನೊಂದು. ವೇಗ ಬಂದ ಕೂಡಲೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚು ಎರಡನೆಯದನ್ನು ಬಿಡಿಸುತ್ತದೆ. ನೆಲಮಾಳಿಗೆಯ ತೇವದಲ್ಲಿ ವರ್ಷಗಟ್ಟಲೆ ಇದ್ದ ಮೋಟಾರಿಗೆ ಮೊದಲು ಒಣಗುವ ಅವಕಾಶ ಬೇಕು. ನಮ್ಮ ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ಮೋಟಾರಿನ ಪಕ್ಕ 60 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಎರಡು ದಿನ ಉರಿಸಿಡುತ್ತೇವೆ. ಆಮೇಲೆ ಮೆಗ್ಗರ್ (ವಿದ್ಯುತ್ ಸೋರಿಕೆ ಇದೆಯೇ ಎಂದು ಅಳೆಯುವ ಮೀಟರ್) ಹಿಡಿದು, ಸುರುಳಿಗೂ ಲೋಹದ ಮೈಗೂ ನಡುವೆ ಕನಿಷ್ಠ 1 ಮೆಗಾಓಮ್ ಇದೆಯೇ ನೋಡಿ. ಎಬ್ಬಿಸುವ ಸುರುಳಿಯ ರೋಧ ಓಡಿಸುವ ಸುರುಳಿಗಿಂತ ಹೆಚ್ಚಿರಬೇಕು. ಸ್ವಿಚ್ಚಿನ ತುದಿಗಳು ಕಪ್ಪಾಗಿದ್ದರೆ ತೆಳುವಾದ ಮರಳು ಕಾಗದದಿಂದ ಒರೆಸಿ. ಬುಷ್ ಬೇರಿಂಗ್ (ಗುಂಡುಗಳಿಲ್ಲದ, ಎಣ್ಣೆಯ ಪದರದ ಮೇಲೆ ತಿರುಗುವ ಬೇರಿಂಗ್) ಆಗಿದ್ದರೆ ಎರಡೂ ತುದಿಗಳ ಎಣ್ಣೆಗಿಂಡಿಗೆ ಡಿಟರ್ಜೆಂಟ್ ಬೆರೆಸದ ಎಸ್‌ಎಇ 20 ಎಣ್ಣೆಯನ್ನು ಕೆಲವೇ ಹನಿ ಬಿಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎಣ್ಣೆಯೆಂದು ಭಾವಿಸಿ ಅಲ್ಲಿಗೆ ಹೊಡೆಯುವುದು ದೊಡ್ಡ ತಪ್ಪು, ಇದ್ದ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ.

ಸೀರೀಸ್ ಲ್ಯಾಂಪ್, ಅಂದರೆ ಮೋಟಾರಿಗೆ ಹೋಗುವ ತಂತಿಯ ನಡುವೆ ಒಂದು ಬಲ್ಬನ್ನು ಹಾಕಿ ನೋಡುವ ಪದ್ಧತಿ ನಮ್ಮಲ್ಲಿದೆ. ಶಾರ್ಟ್ ಇದೆಯೇ ಎಂದು ತಿಳಿಯಲು ಅದು ಸರಿ, ಆದರೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಬಲ್ಬಿನ ಮೂಲಕ ಬರುವ ವಿದ್ಯುತ್ತಿನಲ್ಲಿ ಮೋಟಾರು ವೇಗ ಹಿಡಿಯುವುದಿಲ್ಲ, ಸ್ವಿಚ್ಚು ಬಿಡುವುದಿಲ್ಲ, ಎಬ್ಬಿಸುವ ಸುರುಳಿ ಕಾದು ಸುಡುತ್ತದೆ. ತಂತಿಯನ್ನು ಪೂರ್ತಿ ಬದಲಿಸಿ ಮೂರು ಕಡ್ಡಿಯ ಪ್ಲಗ್ ಹಾಕಿ, ಹಸಿರು ಅರ್ತ್ ತಂತಿಯನ್ನು ಯಂತ್ರದ ಮೈಗೆ ತುಕ್ಕು ಕೆರೆದು ಬಿಗಿಯಿರಿ. ನೀರು, ಲೋಹ, ಸಿಮೆಂಟು ನೆಲ ಮೂರೂ ಇರುವ ಕಡೆ ಸೋರಿಕೆ ಕಂಡ ಕ್ಷಣ ವಿದ್ಯುತ್ತನ್ನು ಕಡಿಯುವ ಸಾಧನವೂ ಇರಲೇಬೇಕು. ಅಲ್ಲಿ ಅದನ್ನು ಜಿಎಫ್‌ಸಿಐ ಎನ್ನುತ್ತಾರೆ, ಇಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ.

ಸಾಗರಕ್ಕೆ ತರುವ ಮಾತಿಗೆ ಬರುತ್ತೇನೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್; ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. 50 ಹರ್ಟ್ಸಿನಲ್ಲಿ 120 ವೋಲ್ಟ್ ಕೊಟ್ಟರೆ ಮೋಟಾರಿನ ಕಬ್ಬಿಣ ಮಿತಿಮೀರಿ ಕಾಂತಗೊಂಡು ಬಿಸಿಯಾಗುತ್ತದೆ. ಸುಮಾರು 100 ವೋಲ್ಟ್ ಕೊಡಬೇಕು, ಆಗ ಬಲವೂ ವೇಗವೂ ಇಳಿಯುತ್ತವೆ. ಅದಕ್ಕಿಂತ, ಮೂಲ ಮೋಟಾರನ್ನು ಜೋಪಾನವಾಗಿ ತೆಗೆದಿಟ್ಟು, ಅಷ್ಟೇ ಎಚ್‌ಪಿಯ 230 ವೋಲ್ಟಿನ ಮೋಟಾರನ್ನು ಇಲ್ಲಿ ಕೂರಿಸುವುದು ಮೇಲು. ಅಲ್ಲಿನ ಮೋಟಾರು ನಿಮಿಷಕ್ಕೆ 1725 ಸುತ್ತು, ಇಲ್ಲಿನದು ಸುಮಾರು 1440. ಆದ್ದರಿಂದ ಮೋಟಾರಿನ ಪುಲ್ಲಿಯ ವ್ಯಾಸವನ್ನು 1.2 ಪಟ್ಟು ಹೆಚ್ಚಿಸಿದರೆ ಯಂತ್ರಕ್ಕೆ ತನ್ನ ಹಳೆಯ ವೇಗವೇ ಸಿಗುತ್ತದೆ. ಬಿಚ್ಚುವಾಗ ತಿರುಗುವ ದಿಕ್ಕನ್ನು ಗುರುತು ಹಾಕಿಕೊಳ್ಳುವುದನ್ನು ಮರೆಯಬೇಡಿ.

ಬಿಸಿಗಾಳಿ ಉತ್ತರಿಸಿದ್ದಾರೆ

ನಾನು ಓಹಾಯೊದಲ್ಲಿದ್ದು ಮುಖ್ಯವಾಗಿ ಡ್ರೈಯರ್‌ಗಳನ್ನು ಸರಿಪಡಿಸುತ್ತೇನೆ. ನಿಮ್ಮದನ್ನು ಖಂಡಿತ ಉಳಿಸಿಕೊಳ್ಳಿ. ಆ ಕಾಲದ ಡ್ರೈಯರ್‌ನಲ್ಲಿ ಇರುವುದು ಒಂದು ಡ್ರಮ್ಮು, ಮೋಟಾರು, ಬೆಲ್ಟು, ಬಿಸಿಮಾಡುವ ಸುರುಳಿ, ಎರಡು ಮೂರು ಥರ್ಮೋಸ್ಟಾಟು ಮತ್ತು ಗಡಿಯಾರದಂಥ ಟೈಮರು. ಒಂದೊಂದನ್ನೂ ಮೀಟರ್ ಹಿಡಿದು ಪರೀಕ್ಷಿಸಬಹುದು. ಬಟ್ಟೆಯ ನವಿರು ಧೂಳು ಒಳಮೈಯಲ್ಲೆಲ್ಲ ಕಂಬಳಿಯಂತೆ ಕೂತಿರುತ್ತದೆ, ಬೆಂಕಿ ಹತ್ತುವುದೇ ಅದಕ್ಕೆ. ಸುರುಳಿಯನ್ನು ಬಿಸಿಮಾಡುವ ಮೊದಲು ಅದನ್ನು ಪೂರ್ತಿ ತೆಗೆಯಬೇಕು. ಆದರೆ ಹಿಂಬದಿಯ ಹಲಗೆ ತೆಗೆದಾಗ ಬೂದು ಬಣ್ಣದ ಹಲಗೆಯಂಥ ಅಥವಾ ನಾರಿನಂಥ ತಡೆಪದರವೇನಾದರೂ ಕಂಡರೆ ಅದನ್ನು ಉಜ್ಜಬೇಡಿ, ಗಾಳಿ ಊದಬೇಡಿ. ಆಗಿನ ಕೆಲವು ಯಂತ್ರಗಳಲ್ಲಿ, ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯವಾದ ಆಸ್‌ಬೆಸ್ಟಾಸ್ ನಾರು ಬಳಕೆಯಾಗಿದೆ. ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಮುಂದುವರಿಯಿರಿ.

ಬಣ್ಣದ ವಿಷಯದಲ್ಲಿ ಮಾತ್ರ ಮೊದಲ ಉತ್ತರವನ್ನು ನಾನು ಒಪ್ಪುವುದಿಲ್ಲ. ಕೈಗುರುತನ್ನು ಉಳಿಸಿಕೊಳ್ಳಬೇಕೆಂಬ ಪ್ರೀತಿ ನನಗೂ ಇದೆ. ಆದರೆ ಉಕ್ಕಿನ ಕಾಲುಗಳು ಒದ್ದೆ ನೆಲದ ಮೇಲೆ ನಿಂತಿರುತ್ತವೆ, ಲೇಪ ಹೋದಲ್ಲಿ ತುಕ್ಕು ಒಳಗೊಳಗೇ ತಿನ್ನುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಹೋಗುವ ಯಂತ್ರವಾದರೆ ಕೇಳುವುದೇ ಬೇಡ. ಕಾಲು ಮತ್ತು ಅಡಿಭಾಗಕ್ಕೆ ತುಕ್ಕು ತೆಗೆದು ಬಣ್ಣ ಕೊಡಿ, ಕಣ್ಣಿಗೆ ಕಾಣುವ ಮೇಲ್ಭಾಗವನ್ನು ಹಾಗೆಯೇ ಬಿಡಿ.

ಶರಾವತಿ_ತೀರ ಮತ್ತೆ ಬರೆದಿದ್ದಾರೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಿಸಿನೀರಿನ ಉಪಾಯವನ್ನು ಪ್ರತಿ ಸಂಜೆ ಮಾಡಿದೆವು. ಐದನೆಯ ಸಂಜೆ ನಾನೊಂದು ಕಡೆ, ನನ್ನ ಯಜಮಾನರೊಂದು ಕಡೆ ಹಿಡಿದು ಎಳೆಯುತ್ತಿದ್ದಾಗ ಮೊದಲು ಒಣಕಡ್ಡಿ ಮುರಿದಂಥ ಸದ್ದಾಯಿತು; ಮುರಿದೇಹೋಯಿತು ಎಂದು ನನ್ನ ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ಜೈರಟೇಟರ್ ಅರ್ಧ ಇಂಚು ಮೇಲೆ ಬಂದಿತ್ತು. ಇನ್ನೊಂದು ಸಲ ಎಳೆದಾಗ ಪೂರ್ತಿ ಕಳಚಿ ಬಂತು. ಅದರಡಿಯಲ್ಲಿ ಸುಣ್ಣದಂಥ ಬಿಳಿ ಚಕ್ಕೆ, ಮೂರು ಅಂಗಿ ಗುಂಡಿಗಳು, ತುಕ್ಕು ಹಿಡಿದ ಒಂದು ತಲೆಪಿನ್ನು ಮತ್ತು ಒಂದು ಹಿಡಿ ಕಪ್ಪು ಮಣ್ಣು ಇದ್ದವು. ಗುಂಡಿಗಳನ್ನು ತೊಳೆದು ಒಂದು ಸೀಸೆಯಲ್ಲಿ ಹಾಕಿಟ್ಟಿದ್ದೇನೆ.

ಕಾಗದದ ಮೇಲೆ ಬಿದ್ದ ಎಣ್ಣೆ ಕಪ್ಪಾಗಿಯೇ ಇದೆ, ಮಜ್ಜಿಗೆಯಂತಿಲ್ಲ. ಹಾಗಾಗಿ ಗೇರ್ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಮೋಟಾರನ್ನು ಬಿಚ್ಚಿ ಬಲ್ಬಿನ ಪಕ್ಕ ಇಟ್ಟಿದ್ದೇನೆ, ಮೆಗ್ಗರನ್ನು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಶನಿವಾರ ತರುತ್ತಾರೆ. ಉರುಳೆಗಳನ್ನು ಕೈಯಿಂದ ತಿರುಗಿಸುತ್ತಲೇ ಬಿಡುಗಡೆಯ ಪಟ್ಟಿಯನ್ನು ಹತ್ತು ಸಲ ಪರೀಕ್ಷಿಸಿದೆ. ಎಂಟು ಸಲ ಬಿಟ್ಟಿತು, ಎರಡು ಸಲ ಬಿಡಲಿಲ್ಲ. ಒಳಗಿನ ಸ್ಪ್ರಿಂಗಿಗೆ ಜಿಡ್ಡು ಗಟ್ಟಿಯಾಗಿ ಹಿಡಿದಿರುವುದು ಕಾಣುತ್ತಿದೆ. ಅದನ್ನು ಬಿಚ್ಚುವಾಗ ಸ್ಪ್ರಿಂಗ್ ಹಾರದಂತೆ ಹಿಡಿದುಕೊಳ್ಳುವ ಕ್ರಮ ಹೇಗೆ ಎಂದು ನ್ಯೂಟನ್ ಪಕ್ಕದವರು ತಿಳಿಸಿದರೆ, ಹೊಸ ಉರುಳೆಗಳು ಬರುವುದರೊಳಗೆ ಆ ಕೆಲಸವನ್ನು ಮುಗಿಸಿಕೊಳ್ಳುತ್ತೇನೆ.