ಸಹಾಯ ಬೇಕು: ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ತೂಕದ ಕಟ್ಟೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇದೆ, ಸರ್ವರ್‌ನಲ್ಲಿ ಉಬುಂಟು ಲಿನಕ್ಸ್.

ದಿನದ ತೂಕ ಕೂಡಿಸಲು ನೋಟ್‌ಪ್ಯಾಡ್‌ನಲ್ಲಿ ಒಂದು ಬ್ಯಾಶ್ ಸ್ಕ್ರಿಪ್ಟ್ (ಬ್ಯಾಶ್ ಅನ್ನೋ ಪ್ರೋಗ್ರಾಂ ಓಡಿಸುವ ಕಮಾಂಡ್‌ಗಳ ಫೈಲ್) ಬರೆದೆ. ಸರ್ವರ್‌ಗೆ ಹಾಕಿ ಓಡಿಸಿದರೆ 'ಬ್ಯಾಡ್ ಇಂಟರ್‌ಪ್ರಿಟರ್', ಅಂದರೆ ಓಡಿಸುವ ಪ್ರೋಗ್ರಾಂ ಸರಿಯಿಲ್ಲ, ಅಂತ ಬೈಯಿತು. ಬ್ಯಾಶ್ ಹೆಸರಿನ ಬಾಲಕ್ಕೆ ಕ್ಯಾರೆಟ್ ಎಂ (^M) ಬೇರೆ! "ನಿಮ್ಮ ಲಿನಕ್ಸೇ ಕೆಟ್ಟೈತ್ರೀ" ಅಂತ ತೂಕದ ಹುಡುಗ ನಕ್ಕ.

ಹುಡುಕಿದಾಗ ಗೊತ್ತಾಯಿತು. ವಿಂಡೋಸ್ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತದೆ, ಕೋಡ್ 13 (ಸಿಆರ್) ಮತ್ತು 10 (ಎಲ್‌ಎಫ್). ಲಿನಕ್ಸ್‌ಗೆ 10 ಒಂದೇ ಸಾಕು. ಉಳಿದ 13ನ್ನೂ (ಅದೇ ಆ ಕ್ಯಾರೆಟ್ ಎಂ) ಬ್ಯಾಶ್ ಹೆಸರಿಗೆ ಸೇರಿಸಿಕೊಂಡು, ಇಲ್ಲದ ಪ್ರೋಗ್ರಾಂ ಹುಡುಕುತ್ತದೆ. ಆ 13 ತೆಗೆಯುವ ಡಾಸ್‌ಟುಯುನಿಕ್ಸ್ ಓಡಿಸಿದೆ, ಸ್ಕ್ರಿಪ್ಟ್ ಸರಿಯಾಯಿತು.

ಆದರೆ ತೂಕದ ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಪಟ್ಟಿ) ದಿನಾ ವಿಂಡೋಸ್‌ನಿಂದಲೇ ಬರುತ್ತದೆ. ಕೊನೆಯ ಕಾಲಂನಲ್ಲಿ ಗ್ರೇಡ್ ಇದೆ. ಅದರ ಬೆನ್ನಿಗೂ ಆ 13 ಅಂಟಿಕೊಂಡಿರುತ್ತದೆ. ಪರದೆಯ ಮೇಲೆ 'ಎ' ಅಂತಲೇ ಕಾಣುತ್ತದೆ, ಹೋಲಿಸಿದರೆ 'ಎ' ಅಲ್ಲ ಅನ್ನುತ್ತದೆ. ಇದಕ್ಕೇ ಅರ್ಧ ದಿನ ಹೋಯಿತು, ಚಹಾ ಎಷ್ಟು ಕುಡಿದೆನೋ ಲೆಕ್ಕವಿಲ್ಲ. ಈಗ ಟಿಆರ್ ಕಮಾಂಡ್‌ನಿಂದ ಆ 13ನ್ನು ಅಳಿಸಿ ಓದುತ್ತಿದ್ದೇನೆ. ಇದಕ್ಕಿಂತ ಒಳ್ಳೆ ದಾರಿ ಇದೆಯಾ?

ಇನ್ನೊಂದು ತಲೆನೋವು ಗಿಟ್‌ದು, ಫೈಲ್‌ಗಳ ಬದಲಾವಣೆ ದಾಖಲಿಸಿಡುವ ಸಾಧನ. ವಿಂಡೋಸ್‌ನಲ್ಲಿ ಕ್ಲೋನ್ (ಪೂರ್ತಿ ನಕಲು) ಮಾಡಿದರೆ ಸ್ಕ್ರಿಪ್ಟ್‌ಗೆ ಮತ್ತೆ ಆ ಬಾಲ ಬರುತ್ತದೆ. ಸಾಲಿನ ಕೊನೆಯನ್ನು ತಾನೇ ಬದಲಿಸುವ ಗಿಟ್ ಸೆಟ್ಟಿಂಗ್ ಆಟೋಸಿಆರ್‌ಎಲ್‌ಎಫ್ ಟ್ರೂ ಇದೆ, ಅದರದೇ ಕೆಲಸ ಅಲ್ವಾ? ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಅದನ್ನು ಬದಲಿಸುತ್ತಾ ಕೂರುವುದು ನನಗೆ ಇಷ್ಟವಿಲ್ಲ. ಫೈಲ್‌ಗಳ ಜೊತೆಗೇ ಎಲ್ಲರಿಗೂ ಹೋಗುವ ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ (ಬ್ಯಾಶ್‌ನಂಥ) ಸ್ಕ್ರಿಪ್ಟ್‌ಗಳಿಗೆ ಮಾತ್ರ ಎಲ್‌ಎಫ್ ಅಂತ ಬರೆದರೆ ಸಾಕಾ? ಈಗಾಗಲೇ ಕಮಿಟ್ ಆದ (ಗಿಟ್‌ನಲ್ಲಿ ದಾಖಲಾದ) ಹಳೆಯ ಫೈಲ್‌ಗಳಿಗೆ ರೀನಾರ್ಮಲೈಸ್ (ಸಾಲಿನ ಕೊನೆ ಮತ್ತೆ ಸರಿಮಾಡುವುದು) ಕೂಡ ಮಾಡಬೇಕಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.